ಬೆನ್ನಷ್ಟೇ ಕಂಡದ್ದು

ತೀರ್ಪು ಬಂದಾಗ ಪಾರ್ಲರ್ ಅಕ್ಕನ ಕೈಯಲ್ಲಿ ಬಣ್ಣದ ಬ್ರಷ್ ಇತ್ತು. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಬ್ಯಾಂಕಿನ ಕ್ಯಾಷಿಯರಮ್ಮ ಕೂತಿದ್ದರು. ಅವರ ಬೈತಲೆಯ ಎಡಕ್ಕೆ ಬಣ್ಣ ಹಚ್ಚಿ ಆಗಿತ್ತು, ಬಲಕ್ಕೆ ನರೆ ಇನ್ನೂ ಹಾಗೇ ಇತ್ತು. ಗೋಡೆಯ ಟಿ.ವಿ.ಯಲ್ಲಿ ಕೋರ್ಟಿನ ಮೆಟ್ಟಿಲು, ಅಲ್ಲಿ ನೂಕಾಡುತ್ತಿದ್ದ ಜನ, ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದ ವರದಿಗಾರ. ಆರೋಪಿ ಖುಲಾಸೆ ಎಂದು ಅವನು ಹೇಳಿದ್ದು ಅಕ್ಕನಿಗೆ ಕೇಳಿಸಿತು. ಅದರ ಬೆನ್ನಿಗೇ ಬಂದ ಮಾತೂ ಕೇಳಿಸಿತು. ಮುಖ್ಯ ಸಾಕ್ಷಿಯಾಗಿದ್ದ ಬ್ಯೂಟಿ ಪಾರ್ಲರ್ ಮಾಲೀಕಿ ಆರೋಪಿಯನ್ನು ಗುರುತಿಸದೇ ಹೋದದ್ದರಿಂದ ಕೇಸು ಬಿದ್ದುಹೋಯಿತಂತೆ.

ಕ್ಯಾಷಿಯರಮ್ಮ ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು.

"ಇನ್ನರ್ಧ ಬಾಕಿ ಇದೆ ಮೇಡಂ," ಎಂದಳು ಅಕ್ಕ.

"ಇರ್ಲಿ. ಮನೇಲಿ ತೊಳ್ಕೋತೀನಿ."

ಅರ್ಧ ತಲೆಗೆ ಬಣ್ಣ ಮೆತ್ತಿಕೊಂಡು, ಮೇಲೊಂದು ಟವೆಲ್ ಹೊದ್ದು ಅವರು ಬೀದಿಗಿಳಿದರು. ಬೇರೆ ದಿನವಾಗಿದ್ದರೆ ಆ ವೇಷ ಕಂಡು ಅಕ್ಕನಿಗೆ ನಗು ತಡೆಯುತ್ತಿರಲಿಲ್ಲ.

ಕೊಲೆಯಾದವಳು ಟೀಚರ ಮಗಳು. ಆ ಬಡಾವಣೆಯಲ್ಲಿ ಟೀಚರ್ ಎಂದರೆ ಒಬ್ಬರೇ. ಅಲ್ಲಿನ ಅರ್ಧ ಜನ ಚಿಕ್ಕವರಿದ್ದಾಗ ಅವರ ಮುಂದೆ ತಪ್ಪು ತಪ್ಪಾಗಿ ನಕ್ಷೆ ಬರೆದು ಬೈಸಿಕೊಂಡವರು. ಗಂಡ ತೀರಿಕೊಂಡ ಮೇಲೆ ಟೀಚರು ಮಗಳ ಜೊತೆ ಪಾರ್ಲರಿನ ಪಕ್ಕದ ಕಟ್ಟಡದಲ್ಲಿದ್ದರು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಸಂಜೆ, ಆ ಕಟ್ಟಡದ ಹಿಂಬದಿ, ನೀರಿನ ಮೋಟರ್ ಇಡುವ ಕೋಣೆಯಲ್ಲಿ ಅವಳ ಹೆಣ ಸಿಕ್ಕಿತು. ಯಾರೋ ಕುತ್ತಿಗೆ ಹಿಸುಕಿದ್ದರು.

ಅದೇ ಸಂಜೆ ಅಕ್ಕ ಒದ್ದೆ ಟವೆಲ್‌ಗಳನ್ನು ಪಕ್ಕದ ಕಿಟಕಿಯ ಸರಳಿಗೆ ಹರವುತ್ತಿದ್ದಾಗ ಒಬ್ಬ ಗಂಡಸು ಎರಡು ಕಟ್ಟಡಗಳ ನಡುವಿನ ಓಣಿಯಿಂದ ಬಿರಬಿರನೆ ಹೋಗಿದ್ದನ್ನು ಕಂಡಿದ್ದಳು. ಬೆಳಕು ಇಳಿದಿತ್ತು. ಚೌಕಳಿ ಶರ್ಟು, ಅಗಲ ಹೆಗಲು, ತುಸು ಬಗ್ಗಿದ ನಡಿಗೆ, ಇಷ್ಟೇ. ಅವನು ತಿರುಗಿ ನೋಡಲಿಲ್ಲ. ಅಕ್ಕನೂ ಕರೆದು ಕೇಳಲಿಲ್ಲ. ಓಣಿಯಲ್ಲಿ ದಿನಕ್ಕೆ ನೂರು ಜನ ಓಡಾಡುತ್ತಾರೆ.

ಪೊಲೀಸರಿಗೆ ಮೊದಲ ದಿನವೇ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದವನ ಮೇಲೆ ಅನುಮಾನ ಬಂದಿತ್ತು. ಅವನು ಆ ಹುಡುಗಿಯ ಹಿಂದೆ ಬಿದ್ದಿದ್ದ, ಅವಳು ದೂರು ಕೊಟ್ಟಿದ್ದಳು, ಅವನು ಠಾಣೆಯಲ್ಲಿ ತಲೆ ತಗ್ಗಿಸಿ ಕ್ಷಮೆ ಕೇಳಿ ಬಂದಿದ್ದ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವನ ಮನೆಯಲ್ಲಿ ಚೌಕಳಿ ಶರ್ಟೂ ಸಿಕ್ಕಿತು. ಅಂಥ ಶರ್ಟು ಬಡಾವಣೆಯ ಅರ್ಧ ಗಂಡಸರ ಹತ್ತಿರ ಇತ್ತು, ಅಕ್ಕನ ಗಂಡನ ಹತ್ತಿರವೂ ಒಂದಿತ್ತು. "ಅವನೇ ತಾನೇ?" ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಅಕ್ಕ "ಹಾಗೇ ಕಾಣ್ತಿದ್ದ" ಅಂದಿದ್ದಳು. ಅವರು 'ಅವನೇ' ಎಂದು ಬರೆದುಕೊಂಡರು.

ಕೋರ್ಟಿನಲ್ಲಿ ಮಾತ್ರ ವಕೀಲ ನೇರವಾಗಿ ಕೇಳಿದ. "ಮುಖ ನೋಡಿದ್ರಾ?"

ಅಕ್ಕ ಕಟಕಟೆಯಲ್ಲಿ ನಿಂತವನ ಮುಖ ನೋಡಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆ ಮುಖವನ್ನು ಔಷಧಿ ಕೊಳ್ಳುವಾಗ ಎಷ್ಟೋ ಸಲ ಕಂಡಿದ್ದಳು, ಆದರೆ ಆ ಸಂಜೆ ಕಂಡಿರಲಿಲ್ಲ.

"ಇಲ್ಲ. ಬೆನ್ನಷ್ಟೇ ನೋಡಿದ್ದು."

ಅಷ್ಟು ಹೇಳಿ ಬಂದು ಅವಳು ಆ ವಿಷಯ ಮುಗಿಯಿತು ಎಂದುಕೊಂಡಿದ್ದಳು.

ತೀರ್ಪಿನ ಸಂಜೆಯೇ ಜನ ಬೀದಿಗೆ ಬಂದರು. ವೃತ್ತದಲ್ಲಿ ಟೈರು ಸುಟ್ಟರು. ಕೋರ್ಟಿನ ಗಾಜು ಒಡೆದರು. ನ್ಯಾಯಾಧೀಶರ ಚಿತ್ರಕ್ಕೆ ಮಸಿ ಬಳಿದರು. ಟೀಚರ ಮಗಳ ಫೋಟೋ ಹಿಡಿದು ಹೆಂಗಸರು ಅಳುತ್ತಾ ನಡೆದರು. ಅವರಲ್ಲಿ ಅನೇಕರ ಕೂದಲು ಕತ್ತರಿಸಿದ್ದು ಅಕ್ಕನೇ. ಆ ಅಳುವೇನೂ ನಾಟಕವಾಗಿರಲಿಲ್ಲ. ಅಕ್ಕನಿಗೂ ಅಳು ಬಂದಿತ್ತು, ಆದರೆ ಹೊರಗೆ ಹೋಗಿ ಅಳುವ ಹಾಗಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪಾರ್ಲರಿನ ಷಟರ್ ಮೇಲೆ ಕೆಂಪು ಬಣ್ಣದಲ್ಲಿ 'ಎಷ್ಟಕ್ಕೆ ಮಾರಿಕೊಂಡೆ?' ಎಂದು ಬರೆದಿತ್ತು.

ಅಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಥಿನ್ನರ್ ತಂದು, ಬಟ್ಟೆ ಅದ್ದಿ, ಒಂದೊಂದೇ ಅಕ್ಷರ ಒರೆಸಿದ. ಕೆಂಪು ಹೋಗಿ ಷಟರೆಲ್ಲ ರೋಸ್ ಬಣ್ಣಕ್ಕೆ ತಿರುಗಿತು.

"ಏನ್ರೀ, ಇದಕ್ಕಿಂತ ಅದೇ ಚೆನ್ನಾಗಿತ್ತು," ಎಂದಳು ಅಕ್ಕ. ಅವನು ನಗಲಿಲ್ಲ.

"ಹಾಗೇ ಕಾಣ್ತಿದ್ದ ಅಂತ ಕೋರ್ಟಲ್ಲೂ ಹೇಳಿದ್ರೆ ಆಗ್ತಿತ್ತು," ಎಂದ. ಅವನು ಆ ಬಗ್ಗೆ ಆಡಿದ್ದು ಅದೊಂದೇ ಮಾತು. ಅದು ಸಾಕಾಯಿತು.

ಗಿರಾಕಿಗಳು ಬರುವುದು ನಿಂತಿತು. ಮೂರು ಕುರ್ಚಿಗಳಲ್ಲಿ ಒಂದರಲ್ಲಿ ಅತ್ತೆ ಬಂದು ಕೂರತೊಡಗಿದಳು. ಮಂಡಿನೋವಿನ ಮುದುಕಿ, ಆದರೆ ನಾಲಿಗೆಗೆ ಯಾವ ನೋವೂ ಇರಲಿಲ್ಲ. "ನನಗೂ ಬಣ್ಣ ಹಚ್ಚೇ, ಅಂಗಡಿ ನಡೀತಿದೆ ಅಂತ ಕಾಣ್ಲಿ," ಎನ್ನುತ್ತಿದ್ದಳು. ಮತ್ತೆ ತಾನೇ ಗಂಭೀರಳಾಗಿ, "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನೀನು ಕಾಣದೇ ಇದ್ದದ್ದನ್ನ ಕಂಡೆ ಅನ್ಲಿಲ್ಲ. ಅದ್ಕೇನಂತೆ?" ಎನ್ನುತ್ತಿದ್ದಳು.

ಅದ್ಕೇನಂತೆ ಎಂಬುದು ತರಕಾರಿ ಅಂಗಡಿಯಲ್ಲಿ ಗೊತ್ತಾಗುತ್ತಿತ್ತು. ಅಕ್ಕ ಹೋದ ಕೂಡಲೇ ಮಾತು ನಿಂತುಹೋಗುತ್ತಿತ್ತು. ಟೊಮೇಟೊ ಆರಿಸುತ್ತಿದ್ದ ಕೈಗಳು ಸುಮ್ಮನೆ ಟೊಮೇಟೊ ಹಿಡಿದುಕೊಂಡು ನಿಲ್ಲುತ್ತಿದ್ದವು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೆಡಿಕಲ್ ಶಾಪಿನವನ ಅಕ್ಕ. ಜೈಲಿನಿಂದ ಬಂದ ತಮ್ಮ ಎರಡು ಬೀದಿಯಾಚೆಗಿನ ಅವಳ ಮನೆಯಲ್ಲೇ ಇದ್ದ. ಅಂಗಡಿಯವರು ಕೆಲಸಕ್ಕೆ ಮತ್ತೆ ಸೇರಿಸಿಕೊಂಡಿರಲಿಲ್ಲ. ಅವಳು ಒಳಗೆ ಬಂದವಳೇ ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಒಂದು ಮಾತಿಂದ ಅವನು ಬದುಕ್ದ. ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ."

ಅಕ್ಕ ಕೈ ಬಿಡಿಸಿಕೊಂಡಳು. "ನಾನು ಯಾರಿಗೂ ಉಪಕಾರ ಮಾಡಿಲ್ಲಮ್ಮ. ಅವನು ಅಲ್ಲ ಅಂತಾನೂ ನಾನು ಹೇಳಿಲ್ಲ."

ಆ ಹೆಂಗಸಿನ ಮುಖ ಕಂದಿತು. ಹೋಗುವಾಗ ಅವಳು ಕಣ್ಣೊರೆಸಿಕೊಂಡಿದ್ದನ್ನು ಎದುರಿನ ಚಪ್ಪಲಿ ಅಂಗಡಿಯವನು ನೋಡಿದ. ಸಂಜೆಯೊಳಗೆ ಎಲ್ಲರೂ ನೋಡಿದ ಹಾಗಾಯಿತು. ನೋಡಿ, ಅವನ ಅಕ್ಕ ಬಂದು ಕಾಲಿಗೆ ಬಿದ್ದು ಹೋದಳಂತೆ. ಬೆಂಕಿ ಇಲ್ಲದೆ ಹೊಗೆ ಏಳುತ್ತಾ?

ಅದಾದ ಕೆಲವು ದಿನಕ್ಕೆ ಟೀಚರು ಬಂದರು.

ಅತ್ತೆ ಒಳಕೋಣೆಯಲ್ಲಿ ಮಲಗಿದ್ದಳು. ಅಕ್ಕ ಖಾಲಿ ಅಂಗಡಿಯಲ್ಲಿ ಬಾಚಣಿಗೆಗಳನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದಳು. ತೊಳೆಯುವಂಥ ಕೊಳೆಯೇನೂ ಅವುಗಳಲ್ಲಿರಲಿಲ್ಲ. ಬಾಗಿಲ ಸದ್ದಿಗೆ ತಿರುಗಿದವಳು ಬಾಚಣಿಗೆಯನ್ನು ನೀರಿಗೆ ಬಿಟ್ಟು ಕೈ ಒರೆಸಿಕೊಂಡಳು.

"ಕೂದ್ಲು ಕತ್ತರಿಸ್ತೀಯಾ?" ಎಂದರು ಟೀಚರು. "ಬಾಚೋಕೇ ಆಗ್ತಿಲ್ಲ."

ಅದು ನಿಜ. ಎಷ್ಟೋ ದಿನದಿಂದ ಬಾಚಣಿಗೆ ತಾಗದ ಕೂದಲು ಹಿಂದೆ ಗಂಟುಗಟ್ಟಿ ಹಕ್ಕಿಗೂಡಿನಂತಾಗಿತ್ತು. ಅಕ್ಕ ಅವರನ್ನು ಬೇಸಿನ್ ಹತ್ತಿರ ಒರಗಿಸಿ, ಬೆಚ್ಚಗಿನ ನೀರಿನಲ್ಲಿ ತಲೆ ತೊಳೆದಳು. ಬೆರಳಾಡಿಸುತ್ತಾ ಗಂಟು ಬಿಡಿಸಿದಳು. ಬಿಡದ ಗಂಟುಗಳನ್ನು ಕತ್ತರಿಸಿದಳು. ಕುರ್ಚಿಗೆ ಬಂದು ಕೂತ ಮೇಲೆ ಟೀಚರು ಕನ್ನಡಿಯೊಳಗಿನ ಅಕ್ಕನನ್ನು ನೋಡಿ ಹೇಳಿದರು.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಕಣಮ್ಮ. ಕೋರ್ಟು ಮುಗೀತು. ಅಪೀಲು ಗಿಪೀಲು ಅಂತ ನನ್ನ ತಮ್ಮ ಓಡಾಡ್ತಾನೆ, ಅವನಿಷ್ಟ. ನನಗೆ ಒಂದೇ ಒಂದು ಬೇಕು. ನನಗೊಬ್ಬಳಿಗೆ ಹೇಳು. ಅವನೇ ತಾನೇ?"

"ಟೀಚರೇ, ನಾನು ಮುಖ..."

"ಗೊತ್ತು, ಗೊತ್ತು. ಆದ್ರೂ ಮನಸ್ಸಿಗೆ ಏನೋ ಹೊಳೆದಿರುತ್ತಲ್ಲ?"

ಅಕ್ಕ ಇನ್ನೊಂದು ಎಳೆ ಹಿಡಿದು ಕತ್ತರಿಸಿದಳು.

"ಯಾರು ಅಂತ ಗೊತ್ತಿಲ್ಲದೆ ಬದುಕೋದು ಹೇಗಿರುತ್ತೆ ಗೊತ್ತಾ ನಿನಗೆ? ಹಾಲು ತರೋನ ಮುಖ ನೋಡ್ತೀನಿ, ಇವನಾ ಅಂತ. ಬಸ್ಸಲ್ಲಿ ಎದ್ದು ಸೀಟು ಬಿಟ್ಟುಕೊಟ್ಟವನ ಕೈ ನೋಡ್ತೀನಿ, ಇದೇ ಕೈಯಾ ಅಂತ. ನನ್ನ ಹತ್ರ ಓದಿದ ಹುಡುಗರು ದೊಡ್ಡವರಾಗಿ ಬಂದು ಸಮಾಧಾನ ಹೇಳ್ತಾರಲ್ಲ, ಅವರನ್ನೂ ನೋಡ್ತೀನಿ. ಇಂಥವನೇ ಅಂತ ಗೊತ್ತಾದ್ರೆ ಅವನೊಬ್ಬನನ್ನ ಶಪಿಸ್ಕೊಂಡು ಇರಬಹುದು. ಹೀಗೆ ಲೋಕಾನೆಲ್ಲ ಎಷ್ಟು ದಿನ ಅಂತ ಶಪಿಸ್ಲಿ?"

ಅವರ ದನಿ ಏರಲಿಲ್ಲ, ಕಣ್ಣಲ್ಲಿ ನೀರು ಬರಲಿಲ್ಲ. ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ ಹೇಳಿದರು. ಅಕ್ಕ ಕತ್ತರಿ ಕೆಳಗಿಟ್ಟಳು. ಈ ಹೆಂಗಸು ಇಲ್ಲಿಂದ ಬರಿಗೈಯಲ್ಲಿ ಎದ್ದು ಹೋಗುವುದನ್ನು ತನ್ನಿಂದ ನೋಡಲಾಗದು ಅನ್ನಿಸಿತು.

"ಅವನೇ ಇರ್ಬೇಕು ಟೀಚರೇ."

"ಇರ್ಬೇಕು ಅನ್ಬೇಡ."

"ಅವನೇ," ಎಂದಳು ಅಕ್ಕ.

ಟೀಚರು ಕಣ್ಣು ಮುಚ್ಚಿದರು. ಬಿಗಿದಿದ್ದ ಹೆಗಲು ನಿಧಾನವಾಗಿ ಇಳಿಯಿತು. ಅಕ್ಕ ಉಳಿದ ಕೂದಲನ್ನು ಕಿವಿಯ ಮಟ್ಟಕ್ಕೆ ಸಮ ಮಾಡುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಅಕ್ಕ ಫ್ಯಾನ್ ಕಡಿಮೆ ಮಾಡಿ ಪಕ್ಕದ ಸ್ಟೂಲಿನಲ್ಲಿ ಕೂತಳು. ಒಳ್ಳೆಯದನ್ನೇ ಮಾಡಿದೆ ಎಂದು ಆ ಹೊತ್ತಿನಲ್ಲಿ ಅವಳಿಗೆ ಅನ್ನಿಸಿದ್ದು ನಿಜ.

ಮರುದಿನ ಬೆಳಿಗ್ಗೆ ಕ್ಯಾಷಿಯರಮ್ಮ ಬಂದರು.

"ಅರ್ಧಕ್ಕೇ ಎದ್ದು ಹೋಗಿದ್ದೆ, ಬೇಜಾರ್ ಮಾಡ್ಕೋಬೇಡಿ," ಎಂದು ತಾವಾಗಿಯೇ ಕುರ್ಚಿಯಲ್ಲಿ ಕೂತರು. ಮತ್ತಿಬ್ಬರು ಬಂದರು. ಮಧ್ಯಾಹ್ನದ ಹೊತ್ತಿಗೆ ಬೆಂಚು ತುಂಬಿತು. ಎಲ್ಲರ ದನಿಯಲ್ಲೂ ಏನೋ ಮರುಕ. ಕೊನೆಗೆ ಒಬ್ಬಳು ಅಕ್ಕನ ಮೊಣಕೈ ಮುಟ್ಟಿ ಹೇಳಿದಳು, "ಪಾಪ, ನೀವೇನು ಮಾಡ್ತೀರಿ. ಬೆದರಿಸಿದ್ರೆ ಯಾರಾದ್ರೂ ಹಾಗೇ ಹೇಳ್ತಿದ್ರು. ಈಗಲಾದ್ರೂ ಬಾಯಿ ಬಿಟ್ರಲ್ಲ."

"ಏನು ಬಾಯಿ ಬಿಟ್ಟೆ?"

ಅವಳು ಫೋನಿನಲ್ಲಿದ್ದ ಮೆಸೇಜ್ ತೋರಿಸಿದಳು. ಟೀಚರ ತಮ್ಮ ಅದನ್ನು ಹಿಂದಿನ ರಾತ್ರಿ ಎಲ್ಲರಿಗೂ ಕಳಿಸಿದ್ದ. ಸಾಕ್ಷಿ ಈಗ ಸತ್ಯ ಒಪ್ಪಿಕೊಂಡಿದ್ದಾಳೆ, ಕೋರ್ಟಿನಲ್ಲಿ ಜೀವಭಯದಿಂದ ಸುಳ್ಳು ಹೇಳಿದ್ದಾಳೆ, ಕೊಲೆಗಾರ ನಮ್ಮ ನಡುವೆಯೇ ಆರಾಮಾಗಿ ಓಡಾಡಿಕೊಂಡಿದ್ದಾನೆ.

ಅಕ್ಕ ಅದನ್ನು ಎರಡು ಸಲ ಓದಿದಳು. ಅದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದಳು. ಬೆಂಚಿನ ತುಂಬ ಕೂತವರು ಪ್ರೀತಿಯಿಂದ ಅವಳನ್ನೇ ನೋಡುತ್ತಿದ್ದರು. ಯಾರೋ ಫ್ಲಾಸ್ಕಿನಲ್ಲಿ ತಂದಿದ್ದ ಟೀ ಅವಳಿಗೂ ಒಂದು ಲೋಟ ಬಗ್ಗಿಸಿಕೊಟ್ಟರು. ಅಕ್ಕ ಲೋಟ ತೆಗೆದುಕೊಂಡಳು. ಟೀ ಕುಡಿದಳು.

ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಎಲ್ಲ ಹೇಳಿದಳು. ಗಂಡ ಬಹಳ ದಿನದ ಮೇಲೆ ನೆಮ್ಮದಿಯಾಗಿ ಉಣ್ಣುತ್ತಿದ್ದ. ಅವನ ಜೊತೆ ಕೆಲಸ ಮಾಡುವವರು ಆ ದಿನ ಅವನನ್ನು ಮಾತಾಡಿಸಿದ್ದರು.

"ನಾಲ್ಕು ದಿನ ಸುಮ್ನಿರು," ಎಂದ. "ತಾನಾಗೇ ತಣ್ಣಗಾಗುತ್ತೆ."

ಅತ್ತೆ ಮಾತ್ರ ತಟ್ಟೆ ಸರಿಸಿದಳು. ಆ ದಿನ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ. "ತಣ್ಣಗಾಗಲ್ಲ ಕಣೋ. ಇವಳು ಆಡಿದ್ದು ಬರೀ ಮಾತಲ್ಲ. ಒಬ್ಬನ ತಲೆ ಮೇಲೆ ಕಲ್ಲು ಎತ್ತಿಟ್ಟಂಗೆ. ಈಗ್ಲೇ ಹೋಗೇ, ಟೀಚರಿಗೆ ನಿಜ ಹೇಳ್ಬಿಡು."

"ನಿನ್ನೆ ತಾನೇ ಸಮಾಧಾನ ಆಗಿದೆ ಅತ್ತೆ ಅವರಿಗೆ. ಬೆಳಿಗ್ಗೆ ಹೋಗ್ತೀನಿ."

ಬೆಳಿಗ್ಗೆ ಬೆಂಚು ಮತ್ತೆ ತುಂಬಿತ್ತು. ಕೈ ಬಿಡುವಾದ ಮೇಲೆ ಹೋಗುತ್ತೇನೆ ಎಂದುಕೊಂಡಳು. ಕೈ ಬಿಡುವಾಗಲಿಲ್ಲ. ಬಿಡುವು ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎರಡು ಬೀದಿಯಾಚೆಯಿಂದ ಗದ್ದಲ ಕೇಳಿಸಿತು.

ಅವಳು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತು ನಲವತ್ತು ಜನ ಮೆಡಿಕಲ್ ಶಾಪಿನವನಿದ್ದ ಮನೆಗೆ ನುಗ್ಗಿದ್ದರಂತೆ. ಅವನು ಮಹಡಿಗೆ ಓಡಿದ್ದನಂತೆ, ಅಲ್ಲಿಂದ ಎಳೆದು ತಂದಿದ್ದರಂತೆ. ಮೆಟ್ಟಿಲ ಕೆಳಗೆ ಅವನು ಮಗ್ಗುಲಾಗಿ ಬಿದ್ದಿದ್ದ. ಅವನ ಅಕ್ಕ ತನ್ನ ಮಡಿಲಲ್ಲಿ ಅವನ ತಲೆ ಇಟ್ಟುಕೊಂಡು, ಸುತ್ತ ನಿಂತವರಿಗೆ "ಯಾರಾದ್ರೂ ಗಾಡಿ ತನ್ನಿ, ಗಾಡಿ ತನ್ನಿ" ಎನ್ನುತ್ತಿದ್ದಳು. ಸುತ್ತ ನಿಂತವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಅಕ್ಕ ಗಂಡನಿಗೆ ಫೋನ್ ಮಾಡಿದಳು. ಅವನು ಕಂಪನಿಯ ವ್ಯಾನಿನಲ್ಲೇ ಬಂದ. ಹಿಂದೆ ಇದ್ದ ಸಾಮಾನಿನ ಪೆಟ್ಟಿಗೆಗಳನ್ನು ರಸ್ತೆಗೆ ಇಳಿಸಿ ಗಾಯಾಳುವನ್ನು ಮಲಗಿಸಿಕೊಂಡು ಹೋದ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಅಕ್ಕ ಅಲ್ಲಿಂದ ನೇರವಾಗಿ ಠಾಣೆಗೆ ಹೋದಳು. ಟೀಚರಿಗೆ ತಾನು ಹೇಳಿದ್ದು ಸುಳ್ಳು, ಕೋರ್ಟಿನಲ್ಲಿ ಹೇಳಿದ್ದೇ ನಿಜ ಎಂದಳು. ಇನ್ಸ್‌ಪೆಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಒಂದೊಂದ್ ದಿನ ಒಂದೊಂದ್ ಹೇಳ್ತಿದ್ರೆ ನಾವು ಯಾವುದನ್ನ ಬರ್ಕೊಳ್ಳೋದಮ್ಮ?"

"ಇದನ್ನ ಬರ್ಕೊಳ್ಳಿ."

ಅವನು ಬರೆದುಕೊಂಡ. ಅಲ್ಲಿಂದ ಅವಳು ಟೀಚರ ಮನೆಗೆ ಹೋದಳು.

ಬಾಗಿಲು ತೆರೆದೇ ಇತ್ತು. ಟೀಚರು ಮಗಳ ಕೋಣೆಯ ಮಂಚದ ತುದಿಯಲ್ಲಿ ಕೂತಿದ್ದರು. ಕೂದಲು ನೀಟಾಗಿ ಬಾಚಿತ್ತು. ಪೊಲೀಸರು ಬಂದು ತಮ್ಮನನ್ನು ಆಗಲೇ ಕರೆದುಕೊಂಡು ಹೋಗಿದ್ದರು. ಅಕ್ಕ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು.

"ಆ ದಿನ ನಾನು ಹೇಳಿದ್ದು ಸುಳ್ಳು ಟೀಚರೇ."

"ಗೊತ್ತಿತ್ತು."

ಅಕ್ಕನಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು.

"ನೀನು ಹೇಳ್ವಾಗ ಕನ್ನಡೀಲಿ ನಿನ್ನ ಮುಖಾನೇ ನೋಡ್ತಿದ್ದೆ," ಎಂದರು ಟೀಚರು. "ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವಳು ನಾನು. ಸುಳ್ಳು ಹೇಳೋ ಮುಖ ಹೇಗಿರುತ್ತೆ ಅಂತ ಗೊತ್ತಿಲ್ವಾ? ಗೊತ್ತಾಯ್ತು. ಗೊತ್ತಾದ್ರೂ ಇಸ್ಕೊಂಡೆ. ಬೇಕಾಗಿತ್ತು ನನಗೆ. ಇಟ್ಕೊಂಡು ಸುಮ್ನಿರ್ಬೇಕಿತ್ತು. ಆ ರಾತ್ರಿ ತಮ್ಮ ಊಟ ಮಾಡಲ್ಲ ಅಂತ ಹಟ ಮಾಡ್ದ. ಉಣ್ಲಿ ಅಂತ ಹೇಳ್ಬಿಟ್ಟೆ."

ಹೊರಗೆ ಯಾರೋ ಮೆಟ್ಟಿಲು ಹತ್ತಿಹೋದ ಸದ್ದಾಯಿತು. ಇಬ್ಬರೂ ಅದು ದೂರವಾಗುವವರೆಗೆ ಕಾದರು.

"ಉಂಡನಾ?" ಎಂದು ಅಕ್ಕ ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ಗೊತ್ತಾಗಲಿಲ್ಲ.

"ಉಂಡ," ಎಂದರು ಟೀಚರು. "ಈಗ ನೀನು ಹೋಗಮ್ಮ."

ಈ ಹೊಸ ಕೊಲೆ ಕೇಸಿನಲ್ಲಿ ನಾಲ್ವರ ಮೇಲೆ ಆರೋಪ ಹೊರಿಸಿದರು, ಅವರಲ್ಲಿ ಟೀಚರ ತಮ್ಮ ಮೊದಲನೆಯವ. ಬಡಾವಣೆಯವರು ಅದೇ ವೃತ್ತದಲ್ಲಿ ಮತ್ತೆ ಸೇರಿ, ಆ ನಾಲ್ವರನ್ನು ಬಿಡಬೇಕೆಂದು ಕೂಗಿದರು. ಮೆಡಿಕಲ್ ಶಾಪಿನವನನ್ನು ಮಣ್ಣು ಮಾಡುವ ದಿನ ಅವನ ಅಕ್ಕ, ಅವಳ ಗಂಡ, ಅವನ ಹಳೆಯ ವಕೀಲ ಇಷ್ಟೇ ಜನ. ಪಾರ್ಲರ್ ಅಕ್ಕ ಅತ್ತೆಯ ಜೊತೆ ಹೋಗಿ ಸ್ಮಶಾನದ ಗೇಟಿನಾಚೆ ನಿಂತಿದ್ದಳು. ಅವನ ಅಕ್ಕ ಒಂದು ಸಲ ಇತ್ತ ತಿರುಗಿದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಆಮೇಲೆ ಅಂಗಡಿಗೆ ಬಂದವರಿಗೆಲ್ಲ, ಕುತ್ತಿಗೆಗೆ ಬಟ್ಟೆ ಕಟ್ಟುವ ಮೊದಲೇ, ಅಕ್ಕ ಹೇಳತೊಡಗಿದಳು. "ಒಂದ್ ವಿಷ್ಯ. ಟೀಚರಿಗೆ ನಾನು ಹೇಳಿದ್ದು ಸುಳ್ಳು. ಅವನ ಮುಖ ನಾನು ನೋಡಿಲ್ಲ." ಕೆಲವರು ಎದ್ದು ಹೋದರು. ಕೆಲವರಿಗೆ ಮುಜುಗರವಾಗಿ, "ಅದೆಲ್ಲ ಈಗ್ಯಾಕೆ ಬಿಡಿ, ತುದಿ ಒಂಚೂರು ಟ್ರಿಮ್ ಮಾಡಿ" ಎಂದರು. ಅವರೂ ಎರಡನೇ ಸಲ ಬರಲಿಲ್ಲ. ಗಂಡ ಒಂದೆರಡು ಬಾರಿ ಬೇಡವೆಂದ, ಆಮೇಲೆ ಬಿಟ್ಟ. ವರ್ಷ ಕಳೆಯುವ ಮೊದಲೇ ಪಾರ್ಲರ್ ಮುಚ್ಚಿತು. ಅಕ್ಕ ನಗರದ ಇನ್ನೊಂದು ಮೂಲೆಯಲ್ಲಿ, ಬೇರೆಯವರ ಪಾರ್ಲರಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಯಾರಿಗೂ ಅವಳ ಗುರುತಿರಲಿಲ್ಲ.

ನಾಲ್ವರ ವಿಚಾರಣೆಯಲ್ಲಿ ಅವಳಿಗೆ ಕರೆ ಬಂತು. ಅದೇ ಕೋರ್ಟು, ಬೇರೆ ಕೋಣೆ. ಹಿಂದಿನ ಬೆಂಚಿನ ಒಂದು ತುದಿಯಲ್ಲಿ ಸತ್ತವನ ಅಕ್ಕ ಕೂತಿದ್ದಳು, ಇನ್ನೊಂದು ತುದಿಯಲ್ಲಿ ಟೀಚರು. ಟೀಚರ ಕೂದಲು ಮತ್ತೆ ಹೆಗಲಿಗೆ ಬಂದಿತ್ತು. ನೀವು ಅವರಿಗೆ ಏನು ಹೇಳಿದಿರಿ ಎಂದು ವಕೀಲ ಕೇಳಿದ. ಹೇಳಿದಳು. ಅದು ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತೇ ಎಂದು ಕೇಳಿದ. ಗೊತ್ತಿತ್ತು ಎಂದಳು. ಹಾಗಿದ್ದರೆ ಯಾಕೆ ಹೇಳಿದಿರಿ ಎಂದು ಕೇಳಿದ.

ಅಕ್ಕ ಯೋಚಿಸಿದಳು. ಟೀಚರು ತಲೆ ಎತ್ತಿ ಅವಳನ್ನೇ ನೋಡುತ್ತಿದ್ದರು.

"ಅವರ ಸಂಕಟ ನೋಡೋಕಾಗ್ಲಿಲ್ಲ ಸ್ವಾಮಿ," ಎಂದಳು.

ನ್ಯಾಯಾಧೀಶರು ಅದನ್ನು ಟೈಪಿಸುವವನಿಗೆ ಹೇಳಿ ಬರೆಸಿದರು. ನೀವಿನ್ನು ಇಳಿಯಬಹುದು ಎಂದರು.

ಹೊರಗೆ ಗಂಡ ಕಾಯುತ್ತಿದ್ದ. ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಟೀಚರ ಮಗಳನ್ನು ಕೊಂದವನು ಯಾರೆಂದು ಆಮೇಲೆ ಯಾರೂ ಹುಡುಕಲಿಲ್ಲ. ಜನರ ಲೆಕ್ಕದಲ್ಲಿ ಅವನು ಸತ್ತಿದ್ದ. ಬಸ್ಸು ತಡವಾಗಿ ಬಂತು, ಕೂರಲು ಜಾಗವಿರಲಿಲ್ಲ. ಮನೆಯವರೆಗೂ ಇಬ್ಬರೂ ಮೇಲಿನ ಕಂಬಿ ಹಿಡಿದು ನಿಂತುಕೊಂಡೇ ಬಂದರು.